ಮುನಿಶಾಮಮ್ಮ ಬೇಡವೆಂದ ರೊಟ್ಟಿ

ಮುನಿಶಾಮಮ್ಮನನ್ನು ಪ್ರಭು ಭೋಜನದಿಂದ ಹೊರಗಿಟ್ಟು ಐದು ವರ್ಷವಾಗಿತ್ತು. ತಾಯಲೂರಿನ ಹತ್ತಿರದ ಆ ಹಳ್ಳಿಯಲ್ಲಿ ಕ್ರೈಸ್ತರ ಮನೆಗಳು ಇಪ್ಪತ್ತೆರಡು. ತಿಂಗಳಿಗೊಂದು ಭಾನುವಾರ ಮುಳಬಾಗಿಲಿನಿಂದ ಪಾಸ್ಟರು ಬಂದು ರೊಟ್ಟಿ ಮುರಿದು ದ್ರಾಕ್ಷಾರಸದ ಬಟ್ಟಲು ಕೊಡುವಾಗ ಎಲ್ಲರೂ ಎದ್ದು ಮುಂದೆ ಹೋಗುತ್ತಿದ್ದರು. ಅವಳೊಬ್ಬಳು ತಲೆ ಮೇಲೆ ಸೆರಗು ಹೊದ್ದು ಕೂತಲ್ಲೇ ಇರುತ್ತಿದ್ದಳು.

ಅವಳು ಮಾಡಿದ್ದಿಷ್ಟು. ಮಗಳು ತ್ರಿವೇಣಿಯ ನಾಲ್ಕು ವರ್ಷದ ಮಗುವಿಗೆ ಜ್ವರ ತಲೆಗೇರಿ ಕೋಲಾರದ ಆಸ್ಪತ್ರೆಗೆ ಸೇರಿಸಿದ್ದರು. ನಾಳೆ ತನಕ ಕಾದು ನೋಡೋಣ ಎಂದು ಡಾಕ್ಟರು ಹೇಳಿದ್ದರು. ಚರ್ಚಿನ ಸಭೆಯವರು ಉಪವಾಸ ಪ್ರಾರ್ಥನೆಯಲ್ಲಿದ್ದರು. ಮುನಿಶಾಮಮ್ಮನಿಗೆ ನಾಳೆ ತನಕ ತಡೆಯಲಾಗಲಿಲ್ಲ. ಯಾರಿಗೂ ಹೇಳದೆ ಬಸ್ಸು ಹತ್ತಿ ಊರಿಗೆ ಬಂದಳು. ತನ್ನ ಅಜ್ಜಿಯ ಕಾಲದ, ಕೆರೆಯಂಚಿನ ಗಂಗಮ್ಮನಿಗೆ ಕೋಳಿ ಕೊಯ್ಯಿಸಿ, ಅಲ್ಲಿನ ದಾರವನ್ನು ಆಸ್ಪತ್ರೆಗೆ ತಂದು ಮಗುವಿನ ತೋಳಿಗೆ ಕಟ್ಟಿದಳು. ಮಾರನೆಯ ಬೆಳಿಗ್ಗೆ ಮಗು ತೀರಿಕೊಂಡಿತು. ಮಣ್ಣು ಮಾಡುವ ಮುಂಚೆ ಮೈ ತೊಳೆಯುವಾಗ ದಾರ ಎಲ್ಲರ ಕಣ್ಣಿಗೂ ಬಿತ್ತು.

ದೇವರು ತೀರ್ಪು ಕೊಟ್ಟುಬಿಟ್ಟ ಎಂದು ಜನ ಪಿಸುಗುಟ್ಟಿಕೊಂಡರು. ಅದನ್ನು ಮುನಿಶಾಮಮ್ಮನಷ್ಟು ಗಟ್ಟಿಯಾಗಿ ಇನ್ಯಾರೂ ನಂಬಲಿಲ್ಲ. ಆಗಿದ್ದ ಪಾಸ್ಟರು, ಒಂದು ವರ್ಷ ಭೋಜನಕ್ಕೆ ಬರಬಾರದು, ಆಮೇಲೆ ಸಮಿತಿಯ ಮುಂದೆ ತಪ್ಪೊಪ್ಪಿಕೊಂಡರೆ ಸೇರಿಸಿಕೊಳ್ಳುತ್ತೇವೆ ಎಂದರು. ವರ್ಷ ತುಂಬುವಷ್ಟರಲ್ಲಿ ಅವರಿಗೆ ವರ್ಗವಾಯಿತು. ಹೊಸದಾಗಿ ಬಂದವರ ಹತ್ತಿರ ಅದರ ಕಾಗದವೇ ಇರಲಿಲ್ಲ. ಅವರು ಮೇಲಿನವರಿಗೆ ಬರೆದರು, ಉತ್ತರ ಬರಲಿಲ್ಲ, ಮತ್ತೆ ಬರೆದರು. ತಾಯಿ, ಇನ್ನೂ ಸ್ವಲ್ಪ ದಿನ ಕಾಯಿರಿ ಎಂದು ಪ್ರತಿಸಲವೂ ಮೆತ್ತಗೆ ಹೇಳುತ್ತಿದ್ದರು. ಅವಳು ಆಗಲಿ ಎನ್ನುತ್ತಿದ್ದಳು.

ಪಾಸ್ಟರಿಲ್ಲದ ಭಾನುವಾರಗಳಲ್ಲಿ ಆರಾಧನೆ ನಡೆಸುತ್ತಿದ್ದವನು ಕದಿರೇಶ. ತಾಯಲೂರಿನಲ್ಲಿ ಅವನದು ಮೋಟಾರ್ ವೈಂಡಿಂಗ್ ಅಂಗಡಿ. ಹಳೆಯ ಒಡಂಬಡಿಕೆಯ ರಾಜರ, ಪ್ರವಾದಿಗಳ ಕತೆಗಳೆಂದರೆ ಅವನಿಗೆ ಪ್ರಾಣ. ಓದು ಬಾರದ ಮುನಿಶಾಮಮ್ಮ ಅವನು ಓದಿದ್ದನ್ನೆಲ್ಲ ಹಾಗೇ ನೆನಪಿಟ್ಟುಕೊಳ್ಳುತ್ತಿದ್ದಳು. ಅವನು ಅವಳನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದ.

ಈ ವರ್ಷ ಮಾವು ಮುಗಿಯುವ ಹೊತ್ತಿಗೆ ಅವಳ ಕಿಡ್ನಿ ಎರಡೂ ಕೈಕೊಟ್ಟವು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದರು. ಮುಖ ಊದಿ, ಕಾಲು ಊದಿ ಮಲಗಿದವಳು ಕದಿರೇಶನನ್ನು ಕರೆಸಿ, ಸಾಯುವ ಮುಂಚೆ ಒಂದು ಸಲ ಪ್ರಭುವಿನ ರೊಟ್ಟಿ ಸಿಗುತ್ತದಾ ಕೇಳು ಎಂದಳು. ಅವನು ಅಲ್ಲೇ ಪಾಸ್ಟರಿಗೆ ಫೋನು ಮಾಡಿದ. ಮಂಗಳವಾರ ಬರುತ್ತೇನೆ ಎಂದರು. ಮಂಗಳವಾರ ಮೇಲಿನವರು ಬೆಂಗಳೂರಿಗೆ ಮೀಟಿಂಗಿಗೆ ಕರೆದರು. ಗುರುವಾರ ಮಾಲೂರಿನಲ್ಲಿ ಒಂದು ಸಾವು. ಶುಕ್ರವಾರ ಕದಿರೇಶ ಬಾಯಿಬಿಟ್ಟು ಕೇಳಿದ, ನಾನೇ ಕೊಡಲಾ ಅಯ್ಯಾ ಎಂದು.

"ನಿಮಗೆ ಆ ಅಧಿಕಾರ ಇಲ್ಲ ಕದಿರೇಶ್," ಎಂದರು ಪಾಸ್ಟರು. ಆಮೇಲೆ, "ಪತ್ರ ಬರೋವರೆಗೂ ನನಗೂ ಇಲ್ಲ. ಆದ್ರೂ ನಾಳೆ ಬರ್ತೀನಿ, ಬಂದು ನೋಡ್ತೀನಿ" ಎಂದರು.

ಶನಿವಾರ ಮಧ್ಯಾಹ್ನದ ತನಕ ಅವರು ಬರಲಿಲ್ಲ. ಮುನಿಶಾಮಮ್ಮನ ಉಸಿರು ಮೇಲೆ ಕೆಳಗೆ ಆಗತೊಡಗಿತ್ತು. ಕದಿರೇಶ ಅಂಗಡಿಗೆ ಬೀಗ ಹಾಕಿ ಬೇಕರಿಯಿಂದ ಬ್ರೆಡ್ಡು ತಂದ. ಹೆಂಡತಿ ಶೋಭಾರಾಣಿ ಒಣದ್ರಾಕ್ಷಿ ಕುದಿಸಿ ಸ್ಟೀಲ್ ಲೋಟಕ್ಕೆ ರಸ ಹಿಂಡಿಕೊಟ್ಟಳು. ಎರಡನ್ನೂ ಹಿಡಿದು ಅವನು ಮುನಿಶಾಮಮ್ಮನ ಮನೆಯೊಳಗೆ ಹೋದ. ತ್ರಿವೇಣಿ ತಾಯಿಯ ತಲೆದೆಸೆಯಲ್ಲಿ ನಿಂತಿದ್ದಳು.

"ಅಯ್ಯನೋರು ಬಂದ್ರಾ?" ಎಂದಳು ಮುನಿಶಾಮಮ್ಮ.

"ಇಲ್ಲ ದೊಡ್ಡಮ್ಮ. ನಾನೇ ತಂದೀನಿ."

ಅವಳು ಲೋಟ ನೋಡಿದಳು. "ಸೌಲನ ಕತೆ ನೀನೇ ಓದಿದ್ದಲ್ಲಪ್ಪಾ. ಬಲಿ ಕೊಡೋ ಪ್ರವಾದಿ ಸಮುವೇಲ ಬರೋವರ್ಗೂ ಏಳು ದಿನ ಕಾಯಿ ಅಂದಿದ್ರು. ಏಳನೇ ದಿನದವರ್ಗೂ ಕಾದ. ಆಮ್ಯಾಕೆ ತಡೀನಾರ್ದೆ ತಾನೇ ಬಲಿ ಕೊಟ್ಟ. ಕೊಟ್ಟು ಕೈ ತೊಳ್ಕಳ್ಳೋವಷ್ಟ್ರಲ್ಲಿ ಸಮುವೇಲ ಬಂದ. ರಾಜ್ಯಾನೇ ಹೋಯ್ತು."

ಸೌಲ ರಾಜ, ಅವನ ಮಾತು ಬೇರೆ ಎಂದು ಕದಿರೇಶ ಹೇಳಿದ. ಕಾಯಿಲೆ ಬಿದ್ದ ಮುದುಕಿಯ ಮೇಲೆ ದೇವರು ಅಷ್ಟು ಕಟುವಾಗಿರುವುದಿಲ್ಲ, ಇದು ಅವನಿಗೆ ಅರ್ಥವಾಗುತ್ತದೆ ಎಂದ.

"ಸೌಲನಿಗೂ ಹಂಗೇ ಅನ್ಸಿರ್ತದೆ."

ಆಮೇಲೆ ಅವಳು ತಡೆದು ತಡೆದು ಹೇಳಿದಳು. "ಒಂದಿನ ಕಾಯ್ನಾರ್ದೆ ಮಗೂನ ಕಳ್ಕೊಂಡೆ. ಇನ್ನೊಂದು ಸಲ ಆತುರ ಬೀಳಲ್ಲಪ್ಪಾ. ತಗೊಂಡೋಗು."

ಕದಿರೇಶ ತ್ರಿವೇಣಿಯ ಕಡೆ ನೋಡಿದ. ಮಗು ಸತ್ತಿದ್ದು ಜ್ವರದಿಂದ, ನಿನ್ನಿಂದಲ್ಲ ಎಂದು ಹೆತ್ತವಳೇ ಒಂದು ಮಾತು ಹೇಳಿದರೆ ಮುದುಕಿ ಬಾಯಿ ತೆರೆಯುತ್ತಾಳೆ ಎಂದು ಅವನಿಗೆ ಗೊತ್ತಿತ್ತು. ಅದು ತ್ರಿವೇಣಿಗೂ ಗೊತ್ತಿತ್ತೆಂದು ಅವಳ ಮುಖವೇ ಹೇಳುತ್ತಿತ್ತು. ಅವಳು ತುಟಿ ಅಲ್ಲಾಡಿಸಿದಳು. ಆಮೇಲೆ ಅವನ ಕೈಯಿಂದ ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದಳು.

ನಾಲ್ಕು ಗಂಟೆಗೆ ಮುನಿಶಾಮಮ್ಮನ ಉಸಿರು ನಿಂತಿತು. ಕೊನೆಯ ತನಕ ಕಣ್ಣು ಬಾಗಿಲ ಕಡೆಗಿತ್ತು.

ಐದೂವರೆಗೆ ಪಾಸ್ಟರು ಬೈಕಿನಲ್ಲಿ ಬಂದರು. ಅವರ ಹತ್ತಿರ ಯಾವ ಪತ್ರವೂ ಇರಲಿಲ್ಲ. ಹೆಣದ ಪಕ್ಕ ಕೂತು ಬಹಳ ಹೊತ್ತು ಅತ್ತರು. ಮಾರನೆಯ ದಿನ ಮಣ್ಣು ಮಾಡುವಾಗ, ಈ ತಾಯಿ ತಾಳ್ಮೆಯಿಂದ ತನ್ನ ಓಟ ಮುಗಿಸಿದ್ದಾಳೆ ಎಂದರು. ಅವಳನ್ನು ಸಭೆಗೆ ಮರಳಿ ಸೇರಿಸಿಕೊಂಡಿದ್ದೇವೆ ಎಂದು ಮಾತ್ರ ಹೇಳಲಿಲ್ಲ, ಹೇಳುವ ಹಾಗೂ ಇರಲಿಲ್ಲ.

ಕದಿರೇಶ ತಾನು ಮಾಡಲು ಹೊರಟಿದ್ದನ್ನು ತಾನೇ ಹೋಗಿ ಅವರಿಗೆ ತಿಳಿಸಿದ. ಮುಚ್ಚಿಡುವುದು ಅವನಿಂದಾಗಲಿಲ್ಲ. ಪಾಸ್ಟರು ತಲೆ ತಗ್ಗಿಸಿ ಕೇಳಿ, ಇದನ್ನೂ ಮೇಲಿನವರಿಗೆ ಬರೆಯಬೇಕಾಗುತ್ತದೆ, ಅಲ್ಲಿಂದ ತೀರ್ಮಾನ ಬರುವ ತನಕ ನೀವು ಆರಾಧನೆಯಲ್ಲಿ ಓದುವುದು ಬೇಡ ಎಂದರು. ಎಷ್ಟು ದಿನವಾಗಬಹುದು ಎಂದು ಅವನು ಕೇಳಲಿಲ್ಲ. ಈಗ ಪಾಸ್ಟರಿಲ್ಲದ ಭಾನುವಾರಗಳಲ್ಲಿ ಎರಡು ಹಾಡು ಹೇಳಿ ಜನ ಎದ್ದು ಹೋಗುತ್ತಾರೆ.

ತ್ರಿವೇಣಿ ಸಭೆಗೆ ಬರುವುದನ್ನು ಬಿಟ್ಟಳು. ತಿಂಗಳು ಕಳೆದ ಮೇಲೆ ಕದಿರೇಶ ಅವಳು ಕೂಲಿಗೆ ಹೋಗಿದ್ದ ಟೊಮೆಟೊ ತೋಟಕ್ಕೇ ಹೋಗಿ ಕರೆದ. ಅವಳು ಕೀಳುವುದನ್ನು ನಿಲ್ಲಿಸಲಿಲ್ಲ.

"ಅವತ್ತು ನಾನೊಂದು ಮಾತು ಹೇಳ್ಬೇಕಾಗಿತ್ತು ಅಣ್ಣಾ. ಬಾಯಿಗೆ ಬಂದಿತ್ತು." ಅವಳ ದನಿ ಸಣ್ಣಗಾಯಿತು. "ಸುಳ್ಳಾಗ್ತದಲ್ಲ ಅಂತ ಹೇಳ್ಲಿಲ್ಲ. ಅಮ್ಮನಿಂದಾನೇ ಹೋಯ್ತು ಅಂತ ಐದು ವರ್ಷದಿಂದ ನಾನೂ ಅಂದ್ಕೊಂಡೇ ಇದ್ದೆ. ಈಗ್ಲೂ ಅದು ಹೋಗಿಲ್ಲ."

ಅವಳು ತುಂಬಿದ ಕ್ರೇಟನ್ನು ಬದುವಿನ ಮೇಲಿಟ್ಟು ಮುಂದಿನ ಸಾಲಿಗೆ ಹೋದಳು.