ಬ್ಯಾಟರಿ ಬದಲಾದ ಸುದ್ದಿ

"ಇದು ನನ್ ಬ್ಯಾಟ್ರಿ ಅಲ್ವೇ ಅಲ್ಲ," ಎಂದು ಹಾಲಸ್ವಾಮಿ ಮತ್ತೊಮ್ಮೆ ಕೂಗಿದಾಗ ನಿಯಾಜನ ರಿಪೇರಿ ಅಂಗಡಿಯ ಮುಂದೆ ಜನ ಸೇರತೊಡಗಿದ್ದರು. ಭದ್ರಾವತಿಯ ನ್ಯೂ ಟೌನಿನಲ್ಲಿ ಪುಕ್ಕಟೆ ಜಗಳಕ್ಕೆ ಪ್ರೇಕ್ಷಕರ ಬರ ಎಂದೂ ಇಲ್ಲ.

ಹಾಲಸ್ವಾಮಿ ಓಡಿಸುವುದು ಎಲೆಕ್ಟ್ರಿಕ್ ಆಟೋ. ಅದರ ಬ್ಯಾಟರಿಯ ಮೇಲೆ ಕಂಪನಿಯವರು ಅಂಟಿಸಿದ ಸ್ಟಿಕ್ಕರಿನಲ್ಲಿ ಒಂದು ಮಾರುದ್ದದ ನಂಬರಿದೆ. ಪ್ರಪಂಚದ ಇನ್ಯಾವ ಬ್ಯಾಟರಿಗೂ ಆ ನಂಬರು ಇರುವುದಿಲ್ಲವಂತೆ. ಅಷ್ಟುದ್ದ ಓದುವ ಪುರುಸೊತ್ತು ಯಾರಿಗಿದೆ? ಆಟೋ ಸ್ಟ್ಯಾಂಡಿನವರು ಮೊದಲ ಎರಡು ಜೋಡಿ ಅಂಕಿಗಳನ್ನೇ ಹೆಸರು ಮಾಡಿಕೊಂಡಿದ್ದರು. ಹಾಲಸ್ವಾಮಿಯದು ‘ನಲವತ್ತೇಳು ಹನ್ನೆರಡು’. ಅದೇ ಬ್ಯಾಟರಿ ನಿಯಾಜನ ಅಂಗಡಿಗೆ ಸರ್ವಿಸಿಗೆ ಹೋಗಿ ಬಂದ ಮೇಲೆ ಆಟೋದ ಪರದೆಯಲ್ಲಿ ‘ತೊಂಬತ್ತೈದು ಅರವತ್ತು’ ಎಂದು ತೋರಿಸುತ್ತಿತ್ತು.

"ಅಣ್ಣಾ, ಅಲ್ಲಾ ಕಸಮ್, ಮುಚ್ಚಳಾನೂ ಬಿಚ್ಚಿಲ್ಲ. ಕಂಪ್ನಿಯೋರು ಕಳ್ಸಿದ ಹೊಸ ಸಾಫ್ಟ್‌ವೇರ್ ಹಾಕಿದ್ದಷ್ಟೇ," ಎಂದ ನಿಯಾಜ್.

"ಸ್ಟಿಕ್ಕರ್ ಕಿತ್ತು ಯಾವುದೋ ಹಳೇದಕ್ಕೆ ಅಂಟ್ಸಿದೀಯ. ಅದ್ಕೇ ಚಾರ್ಜೂ ನಿಲ್ತಿಲ್ಲ."

ಚಾರ್ಜು ಮೊದಲಿನಷ್ಟೇ ನಿಲ್ಲುತ್ತಿತ್ತು. ಆದರೆ ಅನುಮಾನ ಹತ್ತಿದವನಿಗೆ ಹಾಲೂ ನೀರಾಗಿ ಕಾಣುತ್ತದೆ. ನಿಯಾಜ್ ಬೆವರಿದ ಕೈಯನ್ನು ಅಂಗಿಗೆ ಒರೆಸಿಕೊಂಡ. ಗುಂಪಿನಲ್ಲೊಬ್ಬ ಅದನ್ನೂ ಗಮನಿಸಿದ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ," ಎಂದ. ಜನ ನಕ್ಕರು.

ಬ್ಯಾಟರಿ ಕಂಪನಿ ಇರುವುದು ಶಿವಮೊಗ್ಗದ ಹೊಸಮನೆಯಲ್ಲಿ, ಒಂದು ಮನೆಯ ಮಹಡಿಯಲ್ಲಿ. ಬ್ಯಾಟರಿಯೊಳಗಿನ ಚಿಪ್‌ಗೆ ಸಾಫ್ಟ್‌ವೇರ್ ಬರೆಯುವವಳು ಸ್ಪಂದನಾ. ನಿಯಾಜ್ ಕಳಿಸಿದ ಸ್ಟಿಕ್ಕರು ಮತ್ತು ಪರದೆಯ ಫೋಟೋ ನೋಡಿ ಅವಳಿಗೂ ಮೊದಲು ಅನುಮಾನ ಬಂದದ್ದು ಅವನ ಮೇಲೆಯೇ. ಆಮೇಲೆ ಯಾರೂ ಓದದ ನಂಬರಿನ ಬಾಲವನ್ನು ಓದಿದಳು. ಪರದೆಯಲ್ಲಿದ್ದ ಬಾಲ ಸ್ಟಿಕ್ಕರಿನಲ್ಲಿದ್ದದ್ದೇ! ತಲೆಯ ಕಡೆ ಸ್ಟಿಕ್ಕರಿನಲ್ಲಿ ನಲವತ್ತೇಳು, ಹನ್ನೆರಡು, ಅರವತ್ತು, ತೊಂಬತ್ತೈದು. ಪರದೆಯಲ್ಲಿ ತೊಂಬತ್ತೈದು, ಅರವತ್ತು, ಹನ್ನೆರಡು, ನಲವತ್ತೇಳು. ಅವೇ ಜೋಡಿಗಳು ಹಿಂದುಮುಂದಾಗಿದ್ದವು.

ಆ ಚಿಪ್, ನಂಬರಿನ ತಲೆಭಾಗದ ತುಂಡುಗಳನ್ನು ಹಿಂದಿನಿಂದ ಮುಂದಕ್ಕೆ ಜೋಡಿಸಿಟ್ಟುಕೊಳ್ಳುತ್ತದೆ, ಬಾಲವನ್ನು ನೆಟ್ಟಗೆ. ಪರದೆಗೆ ಬರೆಯುವಾಗ ತಲೆಭಾಗವನ್ನಷ್ಟೇ ತಿರುಗಿಸಬೇಕು. ಸಾಫ್ಟ್‌ವೇರಿನ ಹಳೆಯ ಸಾಲುಗಳು ಅದನ್ನೇ ಮಾಡುತ್ತಿದ್ದವು. ಇಷ್ಟೊಂದು ಸಾಲು ಯಾಕೆಂದು ಅವಳೇ ಅಳಿಸಿ, ಎಲ್ಲವನ್ನೂ ನೆಟ್ಟಗೆ ಬರೆಯುವ ಒಂದೇ ಸಾಲು ಹಾಕಿದ್ದಳು. ಆ ಹೊಸ ಸಾಫ್ಟ್‌ವೇರ್ ಮೊದಲು ಹೋದದ್ದು ಹಾಲಸ್ವಾಮಿಯ ಬ್ಯಾಟರಿಗೆ. ತಕ್ಷಣ ತಿದ್ದಿ ನಿಯಾಜನಿಗೆ ಕಳಿಸಿದಳು.

ನಿಯಾಜ್ ಖುಷಿಯಿಂದ ಸ್ಟ್ಯಾಂಡಿಗೇ ಹೋಗಿ ಅದನ್ನು ಹಾಕಿದ. ಪರದೆಯಲ್ಲಿ ನಲವತ್ತೇಳು ಹನ್ನೆರಡು ಬಂತು.

"ನೋಡಿದ್ರಾ!" ಎಂದ ಹಾಲಸ್ವಾಮಿ. "ಗಲಾಟೆ ಮಾಡಿದ್ಮೇಲೆ ನಂದು ನಂಗೆ ವಾಪಸ್ ಬಂತು. ನಿನ್ನೆ ರಾತ್ರಿ ಗಾಡಿ ಬೀದೀಲೇ ನಿಂತಿತ್ತಲ್ಲ, ಆಗ್ಲೇ ಬದಲಾಯ್ಸಿ ಇಟ್ಟಿರ್ತಾನೆ."

ಅಲ್ಲಿಗೆ ಮುಗಿಯಿತು. ಕದ್ದನೋ ಇಲ್ಲವೋ ಎಂಬ ಮಾತು ಹೋಗಿ, ಕದ್ದು ಸಿಕ್ಕಿಬಿದ್ದ ಎಂಬ ಮಾತು ನಿಂತಿತು. ಆಟೋದವರು ಅಂಗಡಿಯ ಮುಂದೆಯೇ ಹಾದು ಬೇರೆ ಕಡೆ ಹೋಗತೊಡಗಿದರು.

"ನಿಮ್ ಸಾಫ್ಟ್‌ವೇರ್ ಚೆನ್ನಾಗಿದೆ ಮೇಡಂ," ಎಂದು ನಿಯಾಜ್ ಫೋನಿನಲ್ಲಿ ಹೇಳಿದ. ಸಿಟ್ಟಿರಲಿಲ್ಲ, ಅದೇ ಅವಳಿಗೆ ತಡೆಯಲಾಗಲಿಲ್ಲ. "ನಮ್ಮ ಅಮ್ಮಿ ಅನ್ನ ಬಡಿಸ್ತಾ ಕೇಳ್ತಾರೆ, ‘ಸಚ್ ಬೋಲ್ ರೇ, ನೀನೇನೂ ಮಾಡಿಲ್ಲ ಅಲ್ವಾ?’ ಅಂತ. ಹೆತ್ತೋರೇ ಕೇಳಿದ್ಮೇಲೆ ಊರೋರ್ದು ಏನು?"

ಕಂಪನಿಯ ಯಜಮಾನ ವಿಶ್ವಾರಾಧ್ಯರು, "ನಂಬರ್ ಸರಿಹೋಯ್ತಲ್ಲ, ಬಿಟ್ಹಾಕು ಮಾರಾಯ್ತಿ," ಎಂದರು.

"ನಂಬರ್ ಸರಿಹೋಯ್ತು ಸಾರ್. ನಿಯಾಜ್ ಭಾಯಿ ಕಳ್ಳ ಆದ್ರು," ಎಂದು ಸ್ಪಂದನಾ ಲ್ಯಾಪ್‌ಟಾಪ್ ಎತ್ತಿಕೊಂಡು ಭದ್ರಾವತಿಯ ಬಸ್ಸು ಹತ್ತಿದಳು.

ಸ್ಟ್ಯಾಂಡಿನಲ್ಲಿ ಅವಳು ತಪ್ಪು ತನ್ನದೆಂದಾಗ ಯಾರೂ ನಂಬಲಿಲ್ಲ. "ಅವ್ನೇ ಕರ್ಸಿರ್ತಾನೆ," ಎಂದರು. ಅವಳು ನಿಯಾಜನ ಅಂಗಡಿಯನ್ನೇ ಕಾಣದ ಬ್ಯಾಟರಿ ಕೇಳಿದಳು. ಜಂಬಣ್ಣ ಎಂಬ ಡ್ರೈವರ್ ಅರೆಮನಸ್ಸಿನಿಂದ ತನ್ನ ಆಟೋ ಮುಂದೆ ತಂದ.

"ನಿಮ್ಮ ಬ್ಯಾಟ್ರಿ ಮೇಲೆ ನೀವೇ ಕೂತ್ಕೊಳ್ಳಿ. ನಿಯಾಜ್ ಭಾಯಿ, ನೀವು ದೂರ ನಿಲ್ಲಿ," ಎಂದಳು.

ಮೊದಲಿನ ಕೆಟ್ಟ ಸಾಫ್ಟ್‌ವೇರನ್ನೇ ಅದಕ್ಕೂ ಹಾಕಿದಳು. ಪರದೆಯಲ್ಲಿ ಜಂಬಣ್ಣನ ನಂಬರು ತಲೆಕೆಳಗಾಯಿತು. "ಅಯ್ಯೋ, ನಾನು ಎದ್ದೇ ಇಲ್ವಲ್ರೋ!" ಎಂದು ಅವನು ಕೂಗಿದ. ತಿದ್ದಿದ್ದನ್ನು ಹಾಕಿದಳು, ನಂಬರು ನೆಟ್ಟಗಾಯಿತು. ಇಷ್ಟೂ ಹೊತ್ತು ನಿಯಾಜ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದ. ಹಾಲಸ್ವಾಮಿ ನೆಲ ನೋಡುತ್ತಿದ್ದ.

ಮರುದಿನ ಹಾಲಸ್ವಾಮಿ ತಾನಾಗಿಯೇ ಅಂಗಡಿಗೆ ಬಂದ. ಬ್ರೇಕು ಕಿರುಗುಟ್ಟುತ್ತಿದೆ ಎಂದ. ಅದು ಅಷ್ಟೇನೂ ಕಿರುಗುಟ್ಟುತ್ತಿರಲಿಲ್ಲ. ಕೀಲಿಯನ್ನು ಮೇಜಿನ ಮೇಲಿಟ್ಟು, "ಮಾಡಿಡೋ ಮಾರಾಯ, ಸಂಜೆ ಬರ್ತೀನಿ," ಎಂದು ಹೊರಟ.

ನಿಯಾಜ್ ಕೀಲಿ ಮುಟ್ಟಲಿಲ್ಲ. ಒಳಗಿನಿಂದ ಕುರ್ಚಿ ತಂದು ಆಟೋದ ಪಕ್ಕದಲ್ಲಿ ಬಿಸಿಲಿಗೇ ಇಟ್ಟ.

"ಕೂತ್ಕೊಳ್ಳಿ ಅಣ್ಣಾ."

"ಏ, ನಾನ್ಯಾಕೆ? ನಂಬ್ಕೆ ಇಲ್ವಾ ನಿನ್ ಮೇಲೆ?"

"ನೀವು ಕೂತ್ರೇನೇ ನಾನು ಬಿಚ್ಚೋದು," ಎಂದು ನಿಯಾಜ್ ಸ್ಪ್ಯಾನರ್ ಹಿಡಿದು ನಿಂತ.

ಹಾಲಸ್ವಾಮಿ ರಸ್ತೆಯ ಆಚೀಚೆ ನೋಡಿದ. ಆಮೇಲೆ ಕುರ್ಚಿಯ ಅಂಚಿನಲ್ಲಿ ಕೂತ.