ಕಾಫಿಯಣ್ಣನ ಮೂಗಿನ ಮೊಕದ್ದಮೆ

ಆ ಬೀದಿಯವರೆಲ್ಲ ಅವನನ್ನು ಕರೆಯುತ್ತಿದ್ದದ್ದು ಕಾಫಿಯಣ್ಣ ಎಂದೇ. ಕಾಫಿಪುಡಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೀಜ ಹುರಿಯುವುದು ಅವನ ಕೆಲಸ. ಇಪ್ಪತ್ತಾರು ವರ್ಷದಿಂದ ಅದೇ ಡ್ರಮ್ಮು, ಅದೇ ಬೆಂಕಿ. ಅವನು ಗಡಿಯಾರ ನೋಡಿ ಹುರಿದವನಲ್ಲ. ಒಣಹುಲ್ಲಿನ ವಾಸನೆ ಕಳೆದು, ಸಕ್ಕರೆ ಪಾಕ ಕೆಂಪಗಾಗುವಾಗಿನ ಘಮ ಏಳುತ್ತಿದ್ದಂತೆ ಡ್ರಮ್ಮಿನ ಬಾಯಿ ತೆರೆಯುವುದು. ಅವನಿಗೆ ಗೊತ್ತಿದ್ದ ಶಾಸ್ತ್ರ ಅಷ್ಟೇ.

ಒಂದು ಬೆಳಿಗ್ಗೆ ಅಂಗಡಿಗೆ ಹೋಗುತ್ತಿದ್ದಾಗ ಹಾಸಿಗೆ ಮಾರುವವರ ವ್ಯಾನೊಂದು ಹಿಂದುಮುಂದು ನೋಡದೆ ಹಿಮ್ಮುಖವಾಗಿ ಬಂದು ಅವನನ್ನು ಕೆಡವಿತು. ತಲೆಯ ಹಿಂಭಾಗ ರಸ್ತೆಯಂಚಿನ ಕಲ್ಲಿಗೆ ಬಡಿಯಿತು. ಐದು ಹೊಲಿಗೆ, ಎರಡು ದಿನ ಆಸ್ಪತ್ರೆ. ಜೀವಕ್ಕೇನೂ ಭಯವಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಹೆಂಡತಿ ಕಣ್ಣೊರೆಸಿಕೊಂಡು, "ವ್ಯಾನ್ ತುಂಬ ಹಾಸಿಗೆ ಇತ್ತಂತೆ. ಬೀಳೋರು ಅದರ ಮೇಲೆ ಬೀಳಬಾರದಿತ್ತಾ?" ಎಂದಳು.

ಆಸ್ಪತ್ರೆಯ ಊಟ ಸಪ್ಪೆ ಎನಿಸಿದಾಗ ಅವನು ಆಸ್ಪತ್ರೆಯನ್ನೇ ಬೈದಿದ್ದ. ಮನೆಗೆ ಬಂದಮೇಲೂ ಸಪ್ಪೆ ಎನಿಸಿದಾಗ ಮಾತ್ರೆಯನ್ನು ಬೈದ. ಮೂರನೆಯ ವಾರ ಕೆಲಸಕ್ಕೆ ಹೋಗಿ, ಡ್ರಮ್ಮಿನ ಮುಂದೆ ಆ ಘಮಕ್ಕಾಗಿ ಕಾಯುತ್ತ ನಿಂತ. ಅಂಗಡಿಯ ಯಜಮಾನರು ಕೆಮ್ಮುತ್ತ ಒಳಗೆ ಓಡಿ ಬಂದರು.

"ಏನಯ್ಯಾ ಇದು, ಬೀಜ ಸೀದು ಹೊಗೆ ರಸ್ತೆವರೆಗೂ ಬಂದಿದೆ. ನಿನಗೆ ಗೊತ್ತಾಗಲಿಲ್ವಾ?"

ಕಾಫಿಯಣ್ಣ ಸೀದ ಬೀಜವನ್ನು ಬೊಗಸೆಯಲ್ಲಿ ತೆಗೆದು ಮೂಗಿಗೆ ಹಿಡಿದ. ನೀರನ್ನು ಮೂಸಿದ ಹಾಗಿತ್ತು. ಅಂಗೈ ಸುಡುತ್ತಿರುವುದೊಂದೇ ತಿಳಿಯಿತು. 

ಅದೇ ವಾರ ವ್ಯಾನಿನ ವಿಮೆ ಕಂಪನಿಯವನೊಬ್ಬ ನಗುನಗುತ್ತ ಮನೆಗೆ ಬಂದ. ಕೈಯಲ್ಲಿ ಒಂದು ಚೆಕ್ಕು, ಒಂದು ಕಾಗದ. "ಗಾಯ ವಾಸಿಯಾಗಿದೆಯಲ್ಲ ಸರ್, ಇಲ್ಲೊಂದು ಸಹಿ ಹಾಕಿಬಿಡಿ. ಕೋರ್ಟು ಕಚೇರಿ ಅಂತ ಅಲೆಯೋ ಗೋಜೇ ಬೇಡ." ಕಾಫಿಯಣ್ಣ ಪೆನ್ನು ಕೈಗೆ ತೆಗೆದುಕೊಂಡೇಬಿಟ್ಟಿದ್ದ. ಹೆಂಡತಿ ಕಾಗದವನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡು, "ಓದಿ ಹೇಳ್ತೀವಿ ಬಿಡಿ" ಎಂದಳು. ಬಂದವನು ಮೆಟ್ಟಿಲಿಳಿದ ಮೇಲೆ ಗಂಡನಿಗೆ, "ಮೂಗಿಗೆ ತುಪ್ಪ ಸವರೋದು ಅಂದರೆ ಇದೇ ಕಣ್ರೀ. ನಿಮಗೆ ಅದರ ವಾಸನೆನೂ ಹತ್ತಲಿಲ್ಲ" ಎಂದಳು. ಅಪಘಾತವಾದ ಮೇಲೆ ಅವನು ಮೊದಲ ಸಲ ನಕ್ಕ.

ಆ ಕಾಗದ ಹಿಡಿದು ಇಬ್ಬರೂ ಹೋದ ವಕೀಲಮ್ಮನ ಕಚೇರಿ ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕುರ್ಚಿಗಳ ಮೇಲೆಲ್ಲ ಫೈಲು. ಒಂದೆರಡನ್ನು ನೆಲಕ್ಕಿಳಿಸಿ ಇಬ್ಬರನ್ನೂ ಕೂರಿಸಿದರು. ನಡೆದದ್ದನ್ನೆಲ್ಲ ಕೇಳಿಸಿಕೊಂಡು, ಕಾಗದ ಓದಿ, ಮೊದಲು ಕೇಳಿದ್ದು ಒಂದೇ ಮಾತು.

"ಸಹಿ ಹಾಕಿಲ್ಲ ತಾನೇ?"

"ಇಲ್ಲಮ್ಮ."

"ಒಳ್ಳೇದಾಯ್ತು. ಇದರಲ್ಲಿ 'ಪೂರ್ಣ ಮತ್ತು ಅಂತಿಮ' ಅಂತ ಬರೆದಿದ್ದಾರೆ. ಸಹಿ ಹಾಕಿದ್ದರೆ ನಾಳೆ ಏನೇ ತೊಂದರೆ ಕಂಡರೂ ಕೇಳೋ ಹಾಗಿರಲಿಲ್ಲ."

ಕಾಫಿಯಣ್ಣ ತಲೆ ಕೆರೆದುಕೊಂಡ. "ದುಡ್ಡು ಕೇಳೋಕೆ ಒಂಥರಾ ಆಗುತ್ತಮ್ಮ. ಆ ಡ್ರೈವರು ಪಾಪ, ನನ್ನನ್ನ ಅವನೇ ಎತ್ತಿಕೊಂಡು ಆಸ್ಪತ್ರೆಗೆ ಸೇರಿಸಿದ."

"ಅವನ ಜೇಬಿಗೆ ಯಾರೂ ಕೈ ಹಾಕಲ್ಲ. ವ್ಯಾನಿನವರು ವರ್ಷ ವರ್ಷ ವಿಮೆ ಕಂತು ಕಟ್ಟಿರೋದೇ ಇಂಥದ್ದಕ್ಕೆ. ತಪ್ಪು ವ್ಯಾನಿನದು ಅನ್ನೋದನ್ನ ರಸ್ತೆ ಎದುರುಗಡೆ ಚಪ್ಪಲಿ ಹೊಲಿಯೋರು ನೋಡಿದ್ದಾರೆ, ಬಂದು ಹೇಳ್ತಾರೆ ಅಂತ ನೀವೇ ಅಂದಿರಲ್ಲ. ಕಷ್ಟ ಇರೋದು ಇನ್ನೊಂದು ಕಡೆ. ಗಾಯ ಎಷ್ಟುದ್ದ ಅಂತ ಕಾನೂನು ಅಳೆಯೋದಿಲ್ಲ. ಅದರಿಂದ ನಿಮ್ಮ ಬದುಕಲ್ಲಿ ಏನು ಹೋಯ್ತು ಅಂತ ಕೇಳುತ್ತೆ. ನನ್ನ ಮೂಗು ಕೆಟ್ಟರೆ ವಕೀಲಿಕೆ ನಿಲ್ಲಲ್ಲ, ನಿಮ್ಮದು ಹಾಗಲ್ಲ. ಆದರೆ ವಾಸನೆ ಬರಲ್ಲ ಅಂತ ಯಾರು ಬೇಕಾದರೂ ಹೇಳಬಹುದಲ್ಲ? ಅದನ್ನ ತೋರಿಸಬೇಕು."

ಕೇಸು ಹಾಕಿದ ಮೇಲೆ ಕಂಪನಿಯವರೂ ಅದನ್ನೇ ಹಿಡಿದರು. ಮನುಷ್ಯ ಗಟ್ಟಿಮುಟ್ಟಾಗಿದ್ದಾನೆ, ನಾಟಕ ಇರಬಹುದು. ನಾವು ಹೇಳುವ ಡಾಕ್ಟರ ಹತ್ತಿರ ಪರೀಕ್ಷೆಯಾಗಲಿ ಎಂದರು.

ಪರೀಕ್ಷೆಯ ಹಿಂದಿನ ದಿನ ಹೆಂಡತಿಯ ತಮ್ಮ ಬಂದ. ಎಲ್ಲ ವಿಷಯದಲ್ಲೂ ಮೂಗು ತೂರಿಸುವ ಆಸಾಮಿ, ಆದರೆ ಭಾವನ ಮೇಲೆ ಪ್ರಾಣ. "ನೋಡಿ ಭಾವ, ಯಾವ ಬಾಟಲಿ ಹಿಡಿದರೂ ಕಲ್ಲಿನ ಹಾಗೆ ಕೂತಿರಿ. ಏನೂ ಇಲ್ಲ ಅನ್ನಿ. ಒಂದು ಚೂರು ಮುಖ ಹಿಂಡಿದರೂ ಕೇಸು ಹೋಯ್ತು ಅಂತ ತಿಳ್ಕೊಳ್ಳಿ."

ಡಾಕ್ಟರು ವಯಸ್ಸಾದವರು, ಹೆಚ್ಚು ಮಾತಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಒಂದೊಂದೇ ಬಾಟಲಿಯನ್ನು ಮೂಗಿನ ಕೆಳಗೆ ಹಿಡಿದರು. ಲವಂಗ, ನಿಂಬೆ, ಸೋಪು, ಕಾಫಿ ಕೂಡ. ಅವು ಏನೇನೆಂದು ಅವನಿಗೆ ಗೊತ್ತಾದದ್ದು ಆಮೇಲೆ. ಆಗ ಎಲ್ಲಕ್ಕೂ ಇದ್ದದ್ದು ಒಂದೇ ಉತ್ತರ, ಇಲ್ಲ. ಕೊನೆಗೆ ಮತ್ತೊಂದು ಬಾಟಲಿ ಬಂತು. ಮೂಗಿನೊಳಗೆ ಸೂಜಿ ಆಡಿಸಿದಂತಾಯಿತು, ಬಟ್ಟೆಯ ಕೆಳಗೆ ಕಣ್ಣಲ್ಲಿ ನೀರು ತುಂಬಿತು. ಭಾವಮೈದನ ಮಾತು ನೆನಪಾಗಿ ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಇಷ್ಟು ವರ್ಷ ಸೀದ ಬೀಜವನ್ನು ಒಳ್ಳೆಯದರಲ್ಲಿ ಬೆರೆಸಿ ಮಾರಿದವನಲ್ಲ. ಈಗ ಈ ವಯಸ್ಸಿನಲ್ಲಿ ಯಾಕೆ ಎನ್ನಿಸಿತು.

"ವಾಸನೆ ಏನೂ ಇಲ್ಲ ಸ್ವಾಮಿ," ಎಂದ. "ಆದರೆ ಇದು ಚುಚ್ಚುತ್ತೆ. ತಡೆಯೋಕಾಗ್ತಿಲ್ಲ, ಸ್ವಲ್ಪ ಆಚೆಗೆ ಹಿಡೀರಿ."

ಡಾಕ್ಟರು ಏನೋ ಬರೆದುಕೊಂಡರು. ಕೇಸು ಮುಳುಗಿತು ಎಂದುಕೊಂಡೇ ಅವನು ಮನೆಗೆ ಬಂದ. ಭಾವಮೈದ ಹಣೆ ಚಚ್ಚಿಕೊಂಡ. ಹೆಂಡತಿ ಮಾತ್ರ, "ಹೇಳಿದ್ದೇ ಒಳ್ಳೇದಾಯ್ತು, ರಾತ್ರಿ ನಿದ್ದೆಯಾದರೂ ಬರುತ್ತೆ" ಎಂದಳು. ನಿದ್ದೆ ನಿಜವಾಗಿಯೂ ಬಂತು.

ವಿಚಾರಣೆಯ ದಿನ ಕಂಪನಿಯ ವಕೀಲರು ಎದ್ದು ನಿಂತು, ಕೊನೆಯ ಬಾಟಲಿಗೆ ಇವರು ಬೆಚ್ಚಿದ್ದು ನಿಜವೇ ಎಂದು ಡಾಕ್ಟರನ್ನು ಕೇಳಿದರು. ನಿಜ ಎಂದರು ಡಾಕ್ಟರು.

"ಹಾಗಾದರೆ ಮೂಗು ಕೆಲಸ ಮಾಡ್ತಿದೆ ಅಂತಾಯ್ತು."

"ಇಲ್ಲ. ಅದು ಅಮೋನಿಯ. ಅದರ ಉರಿ ತಿಳಿಯೋದು ಬೇರೆ ನರದಿಂದ, ವಾಸನೆಯ ನರದಿಂದಲ್ಲ. ವಾಸನೆ ತಿಳಿಯದವರಿಗೂ ಅದು ಚುಚ್ಚಲೇಬೇಕು. ನಾಟಕ ಮಾಡೋರು ಅದಕ್ಕೂ ಏನೂ ಇಲ್ಲ ಅಂತಾರೆ, ಅಲ್ಲೇ ಸಿಕ್ಕಿಬೀಳ್ತಾರೆ. ಇವರು ಇದ್ದದ್ದನ್ನ ಇದ್ದ ಹಾಗೆ ಹೇಳಿದ್ದಾರೆ. ತಲೆಗೆ ಬಿದ್ದ ಏಟಿಗೆ ವಾಸನೆಯ ನರ ಹರಿದಿದೆ, ಮತ್ತೆ ಕೂಡೋದು ಅನುಮಾನ."

ಹಿಂದಿನ ಬೆಂಚಿನಲ್ಲಿದ್ದ ಭಾವಮೈದ ಮೂಗಿನ ಮೇಲೆ ಬೆರಳಿಟ್ಟುಕೊಂಡ. ಆಮೇಲೆ ಯಜಮಾನರು ಸಾಕ್ಷಿ ಹೇಳಿದರು: ತಮ್ಮ ಪುಡಿಗೆ ಹೆಸರು ಬಂದದ್ದು ಈತನ ಮೂಗಿನಿಂದ, ಹೊಸಬನನ್ನು ಪಳಗಿಸಲು ವರ್ಷಗಳೇ ಬೇಕು. ನ್ಯಾಯಾಧೀಶರು, ಬೇರೆಯವರಿಗೆ ಇದು ಸಣ್ಣ ಊನವಿರಬಹುದು, ಈ ಕೆಲಸಗಾರನ ಮಟ್ಟಿಗೆ ಕೈ ಹೋದಂತೆಯೇ ಎಂದು ತೀರ್ಪಿನಲ್ಲಿ ಬರೆದರು. ಕಂಪನಿ ಮೊದಲು ಕೊಡಲು ಬಂದಿದ್ದಕ್ಕೂ ಈಗ ಕೊಡಬೇಕಾಗಿ ಬಂದದ್ದಕ್ಕೂ ಅಜಗಜಾಂತರವಿತ್ತು. ಕಾಫಿಯಣ್ಣನಿಗೆ ಆ ಮೊತ್ತಕ್ಕಿಂತ, ತೀರ್ಪಿನಲ್ಲಿದ್ದ 'ನುರಿತ ಕೆಲಸಗಾರ' ಎಂಬ ಮಾತೇ ಹೆಚ್ಚು ಹಿಡಿಸಿತು. ಅದನ್ನು ಹೆಂಡತಿಯಿಂದ ಎರಡೆರಡು ಸಲ ಓದಿಸಿಕೊಂಡ.

ಆ ದುಡ್ಡಿನಲ್ಲಿ ಬ್ಯಾಂಕಿಗೆ ಹೋದದ್ದು ಹೋಗಿ, ಉಳಿದದ್ದರಲ್ಲಿ ಒಂದು ಸಣ್ಣ ಹುರಿಯುವ ಯಂತ್ರ ಕೊಂಡರು. ಯಜಮಾನರೇ ಬೀಜ ಕಳಿಸಿ, ಹುರಿದದ್ದಕ್ಕೆ ತಾವೇ ಗಿರಾಕಿಯಾದರು. ಈಗ ಮನೆಯ ಮುಂದಿನ ಕೋಣೆಯಲ್ಲಿ ಹುರಿಯುವುದು ಇಬ್ಬರ ಕೆಲಸ. ಬೀಜ ಚಟಪಟ ಸಿಡಿಯುವ ಸದ್ದಿಗೆ ಅವನು ಕಿವಿಯನ್ನು ಪಳಗಿಸಿಕೊಂಡಿದ್ದಾನೆ. ಮೊದಲ ಸಿಡಿತಕ್ಕೂ ಎರಡನೆಯದಕ್ಕೂ ನಡುವೆ ಇಷ್ಟು ಮೌನವಿದೆ ಎಂಬುದು ಮೊದಲು ಅವನ ಗಮನಕ್ಕೇ ಬಂದಿರಲಿಲ್ಲ. ಹೆಂಡತಿ ಸ್ಟೂಲಿನ ಮೇಲೆ ಕೂತು ಮೂಸುತ್ತಾಳೆ.

"ಈಗ ತೆಗೀರಿ."

"ಇನ್ನೂ ಇಲ್ಲ, ಸದ್ದು ಹಸಿಯಾಗಿದೆ."

"ಘಮ ಬಂದಾಯ್ತು ಅಂತೀನಲ್ಲ."

"ಎಣಿಸು, ಹತ್ತರವರೆಗೆ."

ಅವಳು ಏಳಕ್ಕೇ ನಿಲ್ಲಿಸುತ್ತಾಳೆ. ಅವನೂ ಅಷ್ಟರಲ್ಲಿ ಯಂತ್ರದ ಬಾಯಿ ತೆರೆದಿರುತ್ತಾನೆ.