ಜೇಬಿನಲ್ಲಿ ಉಳಿದ ನಕ್ಷೆ

ಲಿಬೆರಿಯೊಗೆ ಸುತ್ತಿಗೆ ಹಿಡಿಯುವುದನ್ನು ಕಲಿಸಿದವನು ನಾನು. ನಾವಿಬ್ಬರೂ ನಡುಗಡಲಿನ ಅಸೋರಿಸ್ ದ್ವೀಪಗಳ ಒಂದೇ ಊರಿನವರು. ಕಟ್ಟಡ ಕೆಲಸಕ್ಕೆಂದು ಟೊರೊಂಟೊಗೆ ಮೊದಲು ಬಂದವನು ನಾನು, ಆರು ವರ್ಷದ ಮೇಲೆ ಅವನು. ಇಬ್ಬರ ಓದೂ ನಾಲ್ಕನೇ ತರಗತಿಗೆ ಮುಗಿದಿತ್ತು. ಅವನ ಮಗಳ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ಮಗುವನ್ನು ಎತ್ತಿಕೊಂಡವನೂ ನಾನೇ. ಅಂದಿನಿಂದ ನಮ್ಮ ಪದ್ಧತಿಯಂತೆ ಒಬ್ಬರನ್ನೊಬ್ಬರು ಕಂಪಾದ್ರೆ, ಎಂದರೆ ಮಗುವಿನ ಜೊತೆತಂದೆ, ಎಂದೇ ಕರೆಯುತ್ತಿದ್ದೆವು.

ಎಪ್ಪತ್ನಾಲ್ಕರ ಚಳಿಗಾಲದಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುತ್ತಿದ್ದ ಪಾಠಕ್ಕೆ ಅವನು ಸೇರಿಕೊಂಡ. ಕಟ್ಟಡದ ನಕ್ಷೆ ಓದುವ ಪಾಠ, ವಾರಕ್ಕೆರಡು ಸಂಜೆ. ಊಟಕ್ಕೆ ಕೂತಾಗ ನಾನು ಅವನನ್ನು ಕಾಡುತ್ತಿದ್ದೆ.

"ಏನ್ ಕಂಪಾದ್ರೆ, ಈಸ್ಟರ್ ಹೊತ್ತಿಗೆ ಪಾದ್ರಿ ಆಗ್ತೀಯೋ, ಇಂಜಿನಿಯರ್ ಆಗ್ತೀಯೋ?"

"ಮೊದ್ಲು ಮನುಷ್ಯ ಆಗ್ತೀನಿ, ಆಮೇಲೆ ನೋಡೋಣ. ನೀನೂ ಬಾರೋ."

"ಗೋಡೆ ಎಬ್ಸೋಕೆ ಕಾಗದ ಯಾಕೋ? ನನ್ ಕಣ್ಣೇ ಸಾಕು."

ಎರಡನೇ ಚಳಿಗಾಲ ಕಳೆಯುವ ಹೊತ್ತಿಗೆ ಸೈಟಿನ ಯಜಮಾನ ಮೆಕ್ರೇ ನಕ್ಷೆಗಳ ಸುರುಳಿಯನ್ನು ಲಿಬೆರಿಯೊನ ಕೈಗೆ ಕೊಟ್ಟು ಮೇಸ್ತ್ರಿ ಮಾಡಿದ. ಮನೆಗೆ ಹೋದರೆ ನನ್ನ ಹೆಂಡತಿ ಒದೀಲಿಯಾ ಎಲೆಕೋಸಿನ ಸೂಪಿನ ಜೊತೆ ಅದನ್ನೇ ಬಡಿಸಿದಳು. "ಅವನು ಎರಡು ವರ್ಷ ಬೆಂಚಿನ ಮೇಲೆ ಕೂತ. ನೀವು ಎರಡು ವರ್ಷ ಹಲ್ಲು ಕಿರಿದ್ರಿ."

ಮರುದಿನ ಸೈಟಿನ ಕಸದಲ್ಲಿ ಬಿಸಾಕಿದ್ದ ಹಳೆಯ ನಕ್ಷೆಯೊಂದನ್ನು ಎತ್ತಿಕೊಂಡೆ. ನಾವೇ ಕಟ್ಟಿ ಮುಗಿಸಿದ್ದ ಗೋಡೆಯ ನಕ್ಷೆ ಅದು. ಭಾನುವಾರ ಚರ್ಚಿನಿಂದ ಬಂದ ಮೇಲೆ, ಕಾಲಾಡಿಸಿ ಬರುತ್ತೇನೆಂದು ಸುಳ್ಳು ಹೇಳಿ, ಆ ಗೋಡೆಯ ಮುಂದೆ ಹೋಗಿ ನಿಲ್ಲುತ್ತಿದ್ದೆ. ಗೋಡೆ ನನಗೆ ಗೊತ್ತಿತ್ತು, ಗೆರೆ ಗೊತ್ತಿರಲಿಲ್ಲ. ಒಂದೊಂದಾಗಿ ಹೊಂದಿಸಿಕೊಂಡೆ. ದಪ್ಪ ಗೆರೆಯೆಂದರೆ ಕಣ್ಣಿಗೆ ಕಾಣುವ ಅಂಚು. ತುಂಡು ತುಂಡು ಗೆರೆಯೆಂದರೆ ಹಿಂದೆ ಅಡಗಿರುವುದು. ಬಾಣದ ಗುರುತಿದ್ದರೆ ಗೋಡೆಯನ್ನು ಮನಸ್ಸಿನಲ್ಲೇ ಬ್ರೆಡ್ಡಿನಂತೆ ಕೊಯ್ದು, ಬಾಣ ತೋರಿಸಿದ ಕಡೆ ನೋಡಬೇಕು. ಲಿಬೆರಿಯೊ ಕಾಗದದಿಂದ ಗೋಡೆಗೆ ಹೋದ. ನಾನು ಗೋಡೆಯಿಂದ ಕಾಗದಕ್ಕೆ ಬಂದೆ. ಯಾರಿಗೂ ಹೇಳಲಿಲ್ಲ. ಅಷ್ಟು ನಕ್ಕವನು ಯಾವ ಬಾಯಲ್ಲಿ ಹೇಳಲಿ?

ಮೇ ತಿಂಗಳ ಒಂದು ಮಂಗಳವಾರ ಮೆಕ್ರೇ ನನ್ನ ಕೈಗೆ ಮಡಚಿದ ಹಾಳೆಯೊಂದನ್ನು ಕೊಟ್ಟ. "ಸ್ವಲ್ಪ ಬದಲಾಗಿದೆ. ಲಿಬೆರಿಯೊಗೆ ಕೊಟ್ಬಿಡು." ಬದಲಾದ ಜಾಗದ ಸುತ್ತ ಮೋಡದಂತೆ ಗೆರೆ ಎಳೆದಿದ್ದರು. ನಾನು ಅದನ್ನು ಜೇಬಿಗೆ ಸೇರಿಸಿದೆ. ಮರೆತೆ ಎಂದರೆ ಸುಳ್ಳಾಗುತ್ತದೆ. ಒಂದೇ ಒಂದು ಸಲ ಅವನು ತಪ್ಪಲಿ, ಎಲ್ಲರೂ ನೋಡಲಿ ಎಂದುಕೊಂಡೆ.

ಬುಧವಾರ ಲಿಬೆರಿಯೊ ಹಳೆಯ ಹಾಳೆಯನ್ನೇ ನೋಡಿಕೊಂಡು ಗೋಡೆಯ ಸೆಂಟ್ರಿಂಗ್ ಹಲಗೆಗಳ ನಡುವೆ ಮರದ ಪೆಟ್ಟಿಗೆ ಕೂರಿಸಿದ. ಕಾಂಕ್ರೀಟ್ ತುಂಬಿದಾಗ ಆ ಜಾಗ ಒಳಚರಂಡಿಯ ಪೈಪಿಗೆ ಕಿಂಡಿಯಾಗಿ ಉಳಿಯಬೇಕು.

ಗುರುವಾರ ಬೆಳಿಗ್ಗೆ ಕಾಂಕ್ರೀಟ್ ಲಾರಿ ಗೇಟಿನೊಳಗೆ ಹಿಮ್ಮುಖವಾಗಿ ಬರುತ್ತಿದ್ದಾಗ, ಮರದ ರಾಶಿಯ ಮರೆಯಲ್ಲಿ ಹಾಳೆ ಬಿಡಿಸಿದೆ. ಕಿಂಡಿ ಇರಬೇಕಾದದ್ದು ಕಂಬದ ಎಡಕ್ಕಲ್ಲ, ಬಲಕ್ಕೆ. ಕಂಬದ ಅಂಚಿನಿಂದ ಎರಡಡಿ ಮೂರಂಗುಲ. ಯಾರ ಸಹಾಯವೂ ಇಲ್ಲದೆ ಓದಿದ್ದೆ! ಎದೆ ಉಬ್ಬಿತು. ಅದೇ ಹೊತ್ತಿಗೆ ಅತ್ತ ಮೆಕ್ರೇ, ಲಾರಿಯವನ ಮುಂದೆ ಲಿಬೆರಿಯೊನ ಹೆಗಲು ತಟ್ಟುತ್ತಿದ್ದ. "ಈ ದಂಡಲ್ಲಿ ಪ್ಲಾನ್ ಓದೋಕೆ ಬರೋದು ಇವನೊಬ್ಬನಿಗೇ."

ಆಗ ನನ್ನ ಬಾಯಿ ತೆರೆಸಿದ್ದು ಪ್ರಾಮಾಣಿಕತೆಯಲ್ಲ, ಆ ಮಾತು.

"ಲಾರಿ ನಿಲ್ಸಿ!" ಎಂದು ಕೂಗಿಕೊಂಡು ಹೋದೆ. "ಕಿಂಡಿ ಆ ಕಡೆ ಅಲ್ಲ, ಈ ಕಡೆ ಬರ್ಬೇಕು. ಎರಡಡಿ ಮೂರಂಗುಲ. ನೋಡಿ, ಇಲ್ಲೇ ಇದೆ."

ಮೆಕ್ರೇ ಹಾಳೆಯನ್ನು ನೋಡಿದ, ನನ್ನನ್ನು ನೋಡಿದ. "ಇದು ಮೊನ್ನೆ ನಿನ್ ಕೈಗೆ ಕೊಟ್ಟಿದ್ದಲ್ವಾ?"

ನಾನು ಹಾಳೆಯನ್ನು ಮಡಚತೊಡಗಿದೆ.

"ಅವ್ನು ಅವತ್ತೇ ನಂಗೆ ಕೊಟ್ಟ, ಬಾಸ್," ಎಂದ ಲಿಬೆರಿಯೊ. "ನಾನೇ ಬಿಡಿಸಿಯೂ ನೋಡ್ದೇನೇ ಮರದ ಮೇಲಿಟ್ಟು ಮರ್ತೆ."

"ಹಾಗಾದ್ರೆ ಇನ್ಮೇಲೆ ಪ್ಲಾನೆಲ್ಲ ಇವನೇ ಇಟ್ಕೊಳ್ಳಲಿ. ಇವನಿಗೆ ನೋಡೋ ಕಣ್ಣಾದ್ರೂ ಇದೆ." ಮೆಕ್ರೇ ನಕ್ಷೆಗಳ ಸುರುಳಿಯನ್ನು ಲಿಬೆರಿಯೊನ ಕಂಕುಳಿನಿಂದ ಎಳೆದು ನನಗೆ ಕೊಟ್ಟ. ನಾನು ತೆಗೆದುಕೊಂಡೆ. ಬೇಡ ಎನ್ನಲಿಲ್ಲ.

ಇಬ್ಬರೇ ಸೆಂಟ್ರಿಂಗಿನ ಹತ್ತಿರ ಉಳಿದಾಗ ಲಿಬೆರಿಯೊ ಕೇಳಿದ, "ಯಾವಾಗ್ ಕಲಿತ್ಯೋ, ಕಳ್ಳ?"

"ಭಾನುವಾರಗಳಲ್ಲಿ."

"ಹೇಳ್ಬಾರ್ದಿತ್ತಾ? ನಂಗೆ ಆ ಬಾಣದ ಗುರುತು ತಲೆಗೆ ಹತ್ತೋಕೆ ಆರು ತಿಂಗಳು ಹಿಡೀತು. ಒಟ್ಟಿಗೆ ಕೂತಿದ್ರೆ ಬೇಗ ಆಗಿರೋದು."

ಹಾಳೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಎರಡು ಹಲಗೆ ಬಿಚ್ಚಿ ಪೆಟ್ಟಿಗೆಯನ್ನು ಕಂಬದ ಬಲಕ್ಕೆ ತಂದ. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದ.

"ಅಳತೆ ಹೇಳು, ಮೇಸ್ತ್ರಿ."

"ಎರಡಡಿ ಮೂರಂಗುಲ," ಎಂದೆ.

ಅವನು ಟೇಪು ಹಿಡಿದು ಗುರುತು ಹಾಕಿ ಮೊಳೆ ಹೊಡೆದ. ನನ್ನ ಕೈಯಲ್ಲಿದ್ದ ಹಾಳೆಯತ್ತ ಇಣುಕಿಯೂ ನೋಡಲಿಲ್ಲ. ಅವನ ಜಾಗದಲ್ಲಿ ನಾನಿದ್ದಿದ್ದರೆ ಕಿತ್ತುಕೊಂಡು ಮೂರು ಸಲ ನೋಡುತ್ತಿದ್ದೆ. ಆ ನಂಬಿಕೆಗೂ ನನಗೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು.